ಕೆಂಪಾಗದ ಬಂಗಾರ

ಫೆಬ್ರುವರಿ ೩, ೨೦೦೩, ಸೋಮವಾರ

ಒಂಬತ್ತು ವರ್ಷ ಮೊದಲ ಸೆಮಿಸ್ಟರಿನ ಹುಡುಗರಿಗೆ ನೀರಿನ ಗಡಸುತನ ಕಲಿಸಿದ್ದಾಯಿತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಮಿಸ್ಟ್ರಿಯವಳೆಂದರೆ ಮದುವೆ ಮನೆಗೆ ಬಂದ ದೂರದ ನೆಂಟಳು. ಊಟಕ್ಕೆ ಕರೆಯುತ್ತಾರೆ, ಮಾತುಕತೆಗೆ ಕರೆಯುವುದಿಲ್ಲ. ಹುಡುಗರು ಬೆನ್ನ ಹಿಂದೆ ನನ್ನನ್ನು 'ಗಡಸು ನೀರು' ಅನ್ನುವುದೂ ಗೊತ್ತು. ಇವತ್ತು ಮೊದಲ ಸಲ ಪ್ರಿನ್ಸಿಪಾಲರು ಚೇಂಬರಿಗೆ ಕರೆಸಿ ಕುರ್ಚಿ ತೋರಿಸಿದರು.

ಹೊಸ ಕೋರ್ಸು. ನ್ಯಾನೋ ವಿಜ್ಞಾನ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕೆಮಿಕಲ್ ಮೂರೂ ವಿಭಾಗದ ಹದಿನೈದು ಹುಡುಗರು ಒಂದೇ ಕೋಣೆಯಲ್ಲಿ, ಸಂಜೆ ನಾಲ್ಕರಿಂದ ಆರು. ಕಲಿಸುವವರು ಫಿಸಿಕ್ಸಿನ ಕಲ್ಲಯ್ಯ ಸರ್ ಮತ್ತು ನಾನು. ಸಂಚಾಲಕಿ ನಾನೇ. ಏಪ್ರಿಲ್ ಹನ್ನೆರಡಕ್ಕೆ ಆಡಳಿತ ಮಂಡಳಿಯ ಸಮಿತಿ ಬಂದು ನೋಡುತ್ತದೆ. ಒಪ್ಪಿದರೆ ಜೂನಿನಿಂದ ಇದು ಅಂಕಗಳಿರುವ ನಿಜವಾದ ವಿಷಯ. ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು, ನಾನು ಮತ್ತೆ ಗಡಸು ನೀರಿಗೆ.

ಇವತ್ತು ಸಂಜೆಯೇ ನಡೆದ ಮೊದಲ ತರಗತಿಯಲ್ಲಿ ಕಲ್ಲಯ್ಯ ಸರ್, ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿ ಒಂದು ಭಾಗ ಎತ್ತಿಕೊಳ್ಳಿ, ಅದು ನ್ಯಾನೋಮೀಟರು ಎಂದರು. ಹಿಂದಿನ ಬೆಂಚಿನಿಂದ ಮೆಕ್ಯಾನಿಕಲ್‌ನವನೊಬ್ಬ, ಆಗಷ್ಟೇ ಬಸ್ಸಿನಿಂದ ತಳ್ಳಿಸಿಕೊಂಡು ಇಳಿದವನ ಹಾಗಿದ್ದ, ಎದ್ದು ನಿಂತು ಕೇಳಿದ: "ಅಷ್ಟ ಸಣ್ಣದನ್ನ ಯಾವುದರಾಗ ಹಿಡೀಬೇಕ್ರಿ ಸರ್?" ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನದು ಖಾನಾಪುರವಂತೆ.

ಈ ಕೋರ್ಸು ನನಗೆ ಬೇಕು. ಬರೆದಿಟ್ಟರೆ ತಪ್ಪೇನು, ಓದುವವಳು ನಾನೊಬ್ಬಳೇ.

ಫೆಬ್ರುವರಿ ೧೧, ಮಂಗಳವಾರ

ಚಿನ್ನದ ಲವಣ ಬಂತು. ಒಂದು ಗ್ರಾಂ, ಬೆರಳುದ್ದದ ಬಾಟಲಿಯಲ್ಲಿ ಹಳದಿ ಹರಳು. ಬಾಟಲಿ ಬಿಚ್ಚುವಾಗ ಲ್ಯಾಬಿನ ಆಯಾ ಕಸಬರಿಗೆ ಹಿಡಿದುಕೊಂಡೇ ನಿಂತು ನೋಡಿದಳು. ಇದು ಬಂಗಾರವೇ ಏನ್ರಿ ಎಂದು ಕೇಳಿದಳು. ಹೌದು, ಈ ಗಾಜಿನೊಳಗೇ ಮಾಡುವವರಿದ್ದೇವೆ ಎಂದೆ. ಕೈ ಮುಗಿದಳು. ನಗು ತಡೆದುಕೊಂಡೆ.

ಹುಡುಗರಿಗೆ ಕರಗಿದ್ದಕ್ಕೂ ತೇಲುವುದಕ್ಕೂ ಇರುವ ವ್ಯತ್ಯಾಸ ತೋರಿಸಬೇಕಿತ್ತು. ಖಡೇ ಬಜಾರಿನ ಫುಟ್‌ಪಾತಿನಲ್ಲಿ ಮಾರುವ ಲೇಸರ್ ದೀಪವನ್ನು ಒಬ್ಬೊಬ್ಬರಿಗೆ ಒಂದೊಂದು ತರಲು ಹೇಳಿದ್ದೆ. ಸಕ್ಕರೆ ನೀರಿನೊಳಗೆ ಬಿಟ್ಟರೆ ಬೆಳಕು ಆಚೆ ಗೋಡೆಗೆ ಹೋಗಿ ಬೀಳುತ್ತದೆ, ನೀರಿನಲ್ಲಿ ಏನೂ ಕಾಣುವುದಿಲ್ಲ. ಒಂದು ಹನಿ ಹಾಲು ಬಿಟ್ಟ ನೀರಿನಲ್ಲಿ ಕೆಂಪು ಗೆರೆ ಎಳೆದಂತೆ ಕಾಣುತ್ತದೆ. ಕಣಗಳಿದ್ದರೆ ಗೆರೆ, ಇಲ್ಲದಿದ್ದರೆ ಇಲ್ಲ. ಎಲೆಕ್ಟ್ರಾನಿಕ್ಸಿನ ಸಾಕ್ಷಿ ಅಚ್ಚುಕಟ್ಟಾಗಿ ಚಿತ್ರ ಬರೆದುಕೊಂಡಳು. ಖಾನಾಪುರದವನು ಲೇಸರನ್ನು ನೀರಿನ ಲೋಟಕ್ಕೆ, ಕಿಟಕಿಗೆ, ಕಲ್ಲಯ್ಯ ಸರ್ ಅವರ ಚಹಾಕ್ಕೆಲ್ಲ ಬಿಟ್ಟು ಬೈಸಿಕೊಂಡ. ಹೆಸರು ಮುತ್ತಪ್ಪ.

ಫೆಬ್ರುವರಿ ೧೯, ಬುಧವಾರ

ಕೆಟ್ಟಿತು. ಚಿನ್ನದ ಲವಣದ ನೀರನ್ನು ಕುದಿಸಿ ಸಿಟ್ರೇಟ್ ಹಾಕಿದರೆ ಹಳದಿ ಹೋಗಿ ದ್ರಾಕ್ಷಾರಸದ ಕೆಂಪು ಬರಬೇಕು. ಚಿನ್ನ ಹದಿನೈದು ನ್ಯಾನೋಮೀಟರಿನಷ್ಟು ಸಣ್ಣದಾದಾಗ ಅದರ ಬಣ್ಣ ಕೆಂಪು. ಕಣಗಳು ಬಿಡಿಬಿಡಿಯಾಗಿ ತೇಲಿದರೆ ಕೆಂಪು, ಅಂಟಿಕೊಂಡು ಗಂಟಾದರೆ ನೀಲಿ. ನಮ್ಮದು ನೇರಳೆಯಾಯಿತು, ನೀಲಿಯಾಯಿತು, ಸ್ವಲ್ಪ ಹೊತ್ತಿಗೆ ತಳದಲ್ಲಿ ಮಸಿ ಕೂತಿತು.

ಉಷ್ಣತೆ ಸಮ ಇರಲಿಲ್ಲ ಎಂದು ಎಲೆಕ್ಟ್ರಾನಿಕ್ಸಿನವರು. ಸಿಟ್ರೇಟ್ ಹಳೆಯದು ಎಂದು ಕೆಮಿಕಲ್‌ನವರು. ಕಲಕಿದ್ದು ಸರಿ ಇಲ್ಲ ಎಂದು ಕಲ್ಲಯ್ಯ ಸರ್. ಮೂರು ವಿಭಾಗ ಒಂದೇ ಕೋಣೆಗೆ ತಂದದ್ದಕ್ಕೆ ಇದೊಂದು ಲಾಭ, ದೂರಲು ಯಾವಾಗಲೂ ಪಕ್ಕದವರಿರುತ್ತಾರೆ.

ಮಾರ್ಚ್ ೧, ಶನಿವಾರ

ಶಿವರಾತ್ರಿ, ಮೇಲಾಗಿ ವಿಶ್ವಕಪ್ ಮ್ಯಾಚು. ನಮ್ಮ ಕ್ಯಾಂಪಿನ ಬೀದಿಯಲ್ಲಿ ಪಟಾಕಿ. ಮೂರನೆಯ ಸಲವೂ ನೀಲಿ. ಉಪವಾಸದ ಹೊಟ್ಟೆಯಲ್ಲಿ ಅವ್ವನ ಮೇಲೆ ಸಿಡುಕಿದೆ. ಅವಳು ಬಾಳೆಹಣ್ಣು ಸುಲಿದು ಕೊಟ್ಟಳು.

ಮಾರ್ಚ್ ೧೦, ಸೋಮವಾರ

ಐದನೆಯದು. ನೀಲಿ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹದಿನೈದರಲ್ಲಿ ಹನ್ನೊಂದು ಜನ ಬಂದಿದ್ದರು. ಸಿಟ್ರೇಟ್ ಹೊಸದು, ಹೀಟರು ಹೊಸದು, ಕಲಕಿದ್ದು ನಾನೇ. ಒಂಬತ್ತು ವರ್ಷ ಬೇರೆಯವರ ನೀರಿನಲ್ಲಿ ಏನೇನಿದೆ ಎಂದು ಅಳೆದವಳಿಗೆ ತನ್ನ ನೀರಿನಲ್ಲಿ ಏನಿದೆ ಗೊತ್ತಾಗುತ್ತಿಲ್ಲ. ಕೂತಲ್ಲಿ ಕೂರಲಾಗುವುದಿಲ್ಲ. ಊಟದ ತಟ್ಟೆ ಮುಂದಿಟ್ಟುಕೊಂಡು ಸೂತ್ರ ಬರೆದೆ.

ಮಾರ್ಚ್ ೧೪, ಶುಕ್ರವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ಸಲ ಪೆನ್ನು ಮುಚ್ಚಿದೆ.

ಹನ್ನೊಂದು ಗಂಟೆಗೆ ಪ್ರಿನ್ಸಿಪಾಲರು ಹೇಳಿಕಳಿಸಿದರು: ಮಧ್ಯಾಹ್ನ ಆಡಳಿತ ಮಂಡಳಿಯ ಅಧ್ಯಕ್ಷರು ಈ ಕಡೆ ಬರುವವರಿದ್ದಾರೆ, ನಿಮ್ಮ ಕೆಂಪು ಬಂಗಾರ ಒಂದು ಫ್ಲಾಸ್ಕಿನಲ್ಲಿ ಕಳಿಸಿ, ಬರಿಗೈಯಲ್ಲಿ ಏನು ತೋರಿಸಲಿ. ಇನ್ನೂ ಆಗಿಲ್ಲ ಎಂದು ಹೇಳಲು ಮೆಟ್ಟಿಲು ಇಳಿದೆ. ಅರ್ಧ ಇಳಿದು ಮತ್ತೆ ಹತ್ತಿದೆ. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ನೀರು ಪರೀಕ್ಷಿಸುವಾಗ ಹಾಕುವ ಮೀಥೈಲ್ ಆರೆಂಜ್ ಬಣ್ಣ ಕಪಾಟಿನಲ್ಲಿತ್ತು. ಫ್ಲಾಸ್ಕಿನ ನೀರಿಗೆ ಕೆಲವು ಹನಿ ಹಾಕಿ ಮೇಲೆ ಆಮ್ಲ ಬಿಟ್ಟೆ. ಚೆಂದದ ಕೆಂಪು. ಚೀಟಿ ಅಂಟಿಸಿದೆ: ಚಿನ್ನ, ಹದಿನೈದು ನ್ಯಾನೋಮೀಟರ್, ೧೪ ಮಾರ್ಚ್.

ಇವತ್ತೊಂದು ದಿನಕ್ಕೆ ಎಂದುಕೊಂಡೆ. ಆದರೆ ಅಧ್ಯಕ್ಷರು ಬೆಳಕಿಗೆ ಹಿಡಿದು ನೋಡಿ ಮೆಚ್ಚಿದರಂತೆ. ಪ್ರಿನ್ಸಿಪಾಲರು ಫ್ಲಾಸ್ಕನ್ನು ಚೇಂಬರಿನ ಗಾಜಿನ ಕಪಾಟಿನಲ್ಲಿ, ಟ್ರೋಫಿಗಳ ಪಕ್ಕದಲ್ಲಿ ಇಟ್ಟುಬಿಟ್ಟಿದ್ದಾರೆ. ಸಂಜೆ ಹುಡುಗರು ಚಪ್ಪಾಳೆ ತಟ್ಟಿದರು. ಹೇಗಾಯಿತು ಮೇಡಮ್ ಎಂದು ಸಾಕ್ಷಿ ಕೇಳಿದಳು. ನಿಧಾನವಾಗಿ ಹೇಳುತ್ತೇನೆ, ಮೊದಲು ನೀವೂ ಮಾಡಿ ನೋಡಿ ಎಂದೆ.

ಹತ್ತು ದಿನದೊಳಗೆ ನಿಜವಾದದ್ದು ಆಗಿಯೇ ಆಗುತ್ತದೆ. ಆಗ ಬದಲಾಯಿಸಿದರಾಯಿತು.

ಮಾರ್ಚ್ ೧೮, ಮಂಗಳವಾರ

ತರಗತಿ ಮುಗಿದ ಮೇಲೆ ಮುತ್ತಪ್ಪ ಬಾಗಿಲ ಬಳಿ ನಿಂತಿದ್ದ. ಬಸ್ ಪಾಸಿನ ಸರ್ಟಿಫಿಕೇಟಿಗೆ ಪ್ರಿನ್ಸಿಪಾಲರ ಸಹಿ ಬೇಕಾಗಿ ಚೇಂಬರಿನಲ್ಲಿ ಕಾಯುತ್ತ ನಿಂತಿದ್ದನಂತೆ. ಕೈ ಸುಮ್ಮನಿರಲಿಲ್ಲ, ಗಾಜಿನ ಆಚೆಯಿಂದ ಫ್ಲಾಸ್ಕಿಗೆ ಲೇಸರ್ ಬಿಟ್ಟಿದ್ದಾನೆ.

"ಗೆರಿ ಕಾಣಲಿಲ್ರಿ ಮೇಡಮ್" ಎಂದ.

ನಾನು ಬೋರ್ಡು ಒರೆಸತೊಡಗಿದೆ. ಅವನು ನೆಲ ನೋಡುತ್ತ ಜೇಬಿನಿಂದ ಲೇಸರ್ ತೆಗೆದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅವನೇ ಅಂದ: "ಇದರ ಬ್ಯಾಟ್ರಿ ಇಳದಿರಬೇಕ್ರಿ."

ಹೌದು, ಇಳಿದಿರಬೇಕು ಎಂದೆ. ಅವನು ತಲೆಯಾಡಿಸಿ ಹೋದ. ಇಪ್ಪತ್ತು ವರ್ಷದ ಹುಡುಗ ನನಗೊಂದು ಸುಳ್ಳನ್ನು ಕೈಯಲ್ಲಿಟ್ಟು ಕೊಟ್ಟ, ನಾನು ಇಸಿದುಕೊಂಡೆ. ನಾಚಿಕೆಯಾಗುತ್ತಿದೆ.

ಮಾರ್ಚ್ ೨೧, ಶುಕ್ರವಾರ

ಮುತ್ತಪ್ಪ ಬರಲಿಲ್ಲ. ನಿನ್ನೆಯೂ ಬಂದಿರಲಿಲ್ಲ. ಸಾಕ್ಷಿಗೆ ಗೊತ್ತಿಲ್ಲವಂತೆ. ಕಾಲೇಜಿನ ಹತ್ತಿರದ ಉದ್ಯಮಬಾಗದ ಸ್ಟಾಪಿನಲ್ಲಿ ಖಾನಾಪುರದ ಬಸ್ಸು ನಿಂತಾಗಲೆಲ್ಲ ಇಳಿಯುವವರನ್ನು ಎಣಿಸಿದೆ. ಪ್ರಿನ್ಸಿಪಾಲರಿಗೆ ಹೇಳಿದ್ದರೆ ಹೇಳಲಿ, ಒಮ್ಮೆ ಮುಗಿಯುತ್ತದೆ. ಹೇಳಿಲ್ಲ ಅನ್ನುವುದು ಇನ್ನೂ ಕಷ್ಟ.

ಮಾರ್ಚ್ ೨೩, ಭಾನುವಾರ

ಖಾನಾಪುರಕ್ಕೆ ಹೋಗಿಬಂದೆ. ಮಡಕೆ ತರಲು ಎಂದು ಅವ್ವನಿಗೆ ಹೇಳಿದೆ. ವಿಶ್ವಕಪ್ ಫೈನಲ್ಲು, ಬಸ್ಸಿನಲ್ಲಿ ಡ್ರೈವರು, ಕಂಡಕ್ಟರು, ನಾನು ಮತ್ತು ಒಬ್ಬ ಗರ್ಭಿಣಿ ಹೆಂಗಸು. ಕಂಡಕ್ಟರು ದಾರಿಯುದ್ದಕ್ಕೂ ಕಿವಿಗೆ ರೇಡಿಯೋ ಹಿಡಿದಿದ್ದ.

ಮುತ್ತಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮರಾಠಿಯಲ್ಲಿ ಕೇಳಿದೆ, ಕನ್ನಡದಲ್ಲಿ ದಾರಿ ಹೇಳಿದರು. ತಂದೆ ಹಣಮಪ್ಪ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕದ ಕೆಲಸದವರು. ಅವರ ಅಪ್ಪನ ಕಾಲದವರೆಗೆ ಕುರಿ ಕಾಯ್ದ ಮನೆತನ. ತಾಯಿ ಸತ್ಯವ್ವ ನನ್ನನ್ನು ಕಂಡು ಗಾಬರಿಯಾಗಿ ಸೆರಗಿನಿಂದಲೇ ಕುರ್ಚಿ ಒರೆಸಿದರು. "ಕುಂದರ್ರಿ, ಕುಂದರ್ರಿ. ನೀವ ಅಲ್ರಿ ಆ ಬಂಗಾರದ ಮೇಡಮ್ಮಾರು? ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರ ಮಾಡ್ತಾರ ನಮ್ಮ ಮೇಡಮ್ಮಾರು ಅಂತ ಓಣಿ ತುಂಬ ಹೇಳ್ಯಾನ್ರಿ ಇಂವ." ಚಹಾದ ಕಪ್ಪನ್ನು ಹಾಗೆಯೇ ಕೆಳಗಿಟ್ಟೆ.

ಮುತ್ತಪ್ಪ ತಪ್ಪಿಸಿಕೊಂಡದ್ದಲ್ಲ. ಫೌಂಡ್ರಿಯಲ್ಲಿ ಒಬ್ಬರು ರಜೆ ಹಾಕಿದ್ದರಿಂದ ಎರಡು ದಿನ ಅಪ್ಪನ ಜೊತೆ ಹೋಗಿದ್ದನಂತೆ. ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಬಂದ. ದಾರಿಯಲ್ಲಿ ಅವನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಎರಕದಲ್ಲಿ ತೂತು ಬಿದ್ದರೆ ಫೌಂಡ್ರಿಯಲ್ಲಿ ಯಾರೂ ಮೊದಲು ಕುಲುಮೆಯವನನ್ನು ಕೇಳುವುದಿಲ್ಲವಂತೆ.

"ಮೊದಲ ಅಚ್ಚಿನ ಮರಳ ಜರಡಿ ಹಿಡಿದಾಂವನ್ನ ಕೇಳ್ತಾರ್ರಿ. ಕಬ್ಬಿಣದ ತಪ್ಪು ಬಾಳ ಕಡಿಮಿ ಇರ್ತೈತಿ, ಅಚ್ಚಿನ ತಪ್ಪೇ ಇರ್ತೈತಿ. ನಮ್ಮ ಭಾಂಡೇ ಯಾರ ತೊಳೀತಾರ್ರಿ ಮೇಡಮ್? ಏನ ಹಚ್ಚಿ ತೊಳೀತಾರ?"

ಆಯಾ ತೊಳೆಯುತ್ತಾಳೆ ಎಂದೆ. ಏನು ಹಚ್ಚಿ ಎನ್ನುವುದು ನನಗೆ ಗೊತ್ತಿರಲಿಲ್ಲ. ಐದು ಸಲ ಕೆಟ್ಟಾಗಲೂ ಕೇಳಬೇಕೆಂದು ಹೊಳೆದಿರಲಿಲ್ಲ.

ಬಸ್ಸು ಬಂತು. ಹತ್ತುವ ಮೊದಲು ಹೇಳಿಬಿಟ್ಟೆ, "ನಿನ್ನ ಬ್ಯಾಟರಿ ಇಳದಿರಲಿಲ್ಲ ಮುತ್ತಪ್ಪ."

"ಗೊತ್ತೈತ್ರಿ" ಎಂದ. ನನ್ನ ಚೀಲ ಎತ್ತಿ ಒಳಗೆ ಇಟ್ಟ.

ಮ್ಯಾಚು ಸೋತೆವು. ಮಡಕೆ ತರುವುದು ಮರೆತೇ ಹೋಗಿತ್ತು.

ಮಾರ್ಚ್ ೨೪, ಸೋಮವಾರ

ಆಯಾಳ ಹೆಸರು ಬಾಳವ್ವ. ನಾಲ್ಕು ವರ್ಷದಿಂದ ನಮ್ಮ ಲ್ಯಾಬಿನಲ್ಲಿದ್ದಾಳೆ.

ಏನು ಹಚ್ಚಿ ತೊಳೆಯುತ್ತೀರಿ ಎಂದು ಕೇಳಿದ್ದಕ್ಕೆ ಸಿಂಕಿನ ಕೆಳಗಿಂದ ಒಂದು ಡಬ್ಬಿ ತೆಗೆದಳು. ಹುಣಸೆಹಣ್ಣು, ಹರಳುಪ್ಪು. ಮನೆಯಿಂದ ತಂದದ್ದು. ಮೊದಲು ಸಾಬೂನು ಪುಡಿಯಲ್ಲಿ ತೊಳೆದು ಚೆನ್ನಾಗಿ ನೀರು ಹರಿಸುತ್ತಿದ್ದವಳು, ಬಂಗಾರ ಬಂದ ದಿನದಿಂದ ಪ್ರತಿ ಫ್ಲಾಸ್ಕನ್ನೂ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ, ಕೊನೆಗೆ ಉಪ್ಪುನೀರು ಆಡಿಸಿ ಹಾಗೆಯೇ ಬೋರಲು ಇಡುತ್ತಿದ್ದಾಳೆ. ಉಪ್ಪು ತಾಗಿದರೆ ಚಿನ್ನದ ಕಣಗಳು ಅಂಟಿಕೊಂಡು ಗಂಟಾಗುತ್ತವೆ. ಇದು ನಾನೇ ಬೋರ್ಡಿನ ಮೇಲೆ ಬರೆಸಿದ ಪಾಠ. ಹುಡುಗರು ಒಮ್ಮೆ ನೀರಾಡಿಸಿ ಬಳಸುತ್ತಿದ್ದರು, ಅಷ್ಟು ಸಾಕಾಗುತ್ತಿರಲಿಲ್ಲ.

ಬಾಯಿಗೆ ಬಂದಂತೆ ಬೈದೆ. ಎರಡು ತಿಂಗಳು, ಐದು ಸಲ, ಮತ್ತು ಬರೆಯಲಾಗದ ಆ ಇನ್ನೊಂದು, ಎಲ್ಲವನ್ನೂ ಅವಳ ತಲೆಗೆ ಕಟ್ಟಿದೆ. ಅವಳು ಡಬ್ಬಿ ಹಿಡಿದೇ ನಿಂತಿದ್ದಳು.

"ದೇವರ ಭಾಂಡೇ ಹಿಂಗ ತಿಕ್ಕತೇವ್ರಿ ನಾವು. ನಿಮ್ಮ ಬಂಗಾರ ಚಲೋ ಬರ್ಲಿ ಅಂತ ಮಾಡೀನ್ರಿ ಬಾಯಾರ. ಬ್ಯಾಡ ಅಂತ ಯಾರೂ ಹೇಳಲಿಲ್ಲ."

ಯಾರೂ ಹೇಳಲಿಲ್ಲ. ಮೂರು ವಿಭಾಗದವರನ್ನು ಕೂಡಿಸಿಕೊಂಡಿದ್ದೆ, ಭಾಂಡೆ ತೊಳೆಯುವವಳಿಗೆ ಏನು ಮಾಡುತ್ತಿದ್ದೇವೆಂದು ಹೇಳಿರಲಿಲ್ಲ. ಸಂಜೆ ತರಗತಿಗೆ ಬಾಳವ್ವನನ್ನೂ ಕರೆದು ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಬೆಂಚಿನ ತುದಿಗೆ ಕೂತು ಎಲ್ಲ ಕೇಳಿದಳು. ಕೊನೆಗೆ, ಹಾಗಾದರೆ ಈ ಬಂಗಾರಕ್ಕೆ ಉಪ್ಪು ಆಗುವುದಿಲ್ಲ ಅನ್ನಿ ಎಂದಳು. ಕಲ್ಲಯ್ಯ ಸರ್ ಒಂದು ತಾಸು ಹೇಳಿದ್ದು ಅಷ್ಟೇ ಆಗಿತ್ತು.

ಮಾರ್ಚ್ ೨೬, ಬುಧವಾರ

ಕೆಂಪು ಬಂತು.

ಬಾಳವ್ವ ಆಮ್ಲದಲ್ಲಿ ನೆನೆಸಿದ ಫ್ಲಾಸ್ಕನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಆರು ಸಲ ತೊಳೆದುಕೊಟ್ಟಳು. ಸಾಕ್ಷಿ ಉಷ್ಣತೆ ಹಿಡಿದಳು, ಮುತ್ತಪ್ಪ ಕಲಕಿದ. ಹಳದಿ ಹೋಯಿತು, ತಿಳಿಯಾಯಿತು, ಬೂದಿ ಬಣ್ಣ ಬಂತು, ಕಪ್ಪಾಗತೊಡಗಿದಾಗ ನಾನು ಕಣ್ಣು ಮುಚ್ಚಿದೆ. ತೆರೆದಾಗ ಕೆಂಪು. ಮುತ್ತಪ್ಪ ಲೇಸರ್ ಬಿಟ್ಟ. ಈ ತುದಿಯಿಂದ ಆ ತುದಿಗೆ ಸಪೂರ ಗೆರೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಬಗ್ಗಿ ನೋಡುತ್ತಿದ್ದರು. ನನಗೆ ಅಳು ಬಂದು ಕಿಟಕಿಯ ಕಡೆ ತಿರುಗಿದೆ.

ಆಚೆ ಬೆಂಚಿನಲ್ಲಿ ಸಾಕ್ಷಿ, ಇದಕ್ಕೂ ಚೇಂಬರಿನಲ್ಲಿರುವುದಕ್ಕೂ ಬಣ್ಣದಲ್ಲಿ ವ್ಯತ್ಯಾಸ ಇದೆಯಲ್ಲ ಎಂದಳು. ಮುತ್ತಪ್ಪ ಲೇಸರ್ ಆರಿಸಿ ಜೇಬಿಗೆ ಹಾಕಿಕೊಂಡ.

ಮಾರ್ಚ್ ೩೧, ಸೋಮವಾರ

ಬದಲಾಯಿಸಿದೆ. ಪ್ರಿನ್ಸಿಪಾಲರು ಮೀಟಿಂಗಿಗೆ ಹೋಗಿದ್ದರು. ಬಣ್ಣದ ನೀರನ್ನು ಸಿಂಕಿಗೆ ಚೆಲ್ಲಿ ನಿಜವಾದದ್ದನ್ನು ಇಟ್ಟೆ. ಚೀಟಿ ಮಾತ್ರ ಹಳೆಯದೇ, ೧೪ ಮಾರ್ಚ್. ಸಮಿತಿಗೆ ಆ ತಾರೀಖು ಈಗಾಗಲೇ ಹೋಗಿದೆ.

ಈಗ ಒಳಗಿರುವುದು ಚಿನ್ನವೇ. ತಾರೀಖೊಂದೇ ಹೆಚ್ಚುಕಡಿಮೆ. ಹನ್ನೆರಡು ದಿನ ಅತ್ತ ಇತ್ತ ಆದರೆ ಯಾರ ಮನೆ ಮುಳುಗುತ್ತದೆ. ಹೀಗೆ ಬರೆದ ಮೇಲೂ ಎದ್ದು ಮೂರು ಸಲ ಅಂಗಳಕ್ಕೆ ಹೋಗಿಬಂದೆ.

ಏಪ್ರಿಲ್ ೨, ಬುಧವಾರ

ಯುಗಾದಿ. ಬೇವು ಬೆಲ್ಲ ಕೊಡುತ್ತ ಅವ್ವ, "ಯಾಕವಾ ಪ್ರಮಿ, ಬಂಗಾರ ಬಂತು ಅಂದಿ, ಮಾರಿ ಯಾಕ ಹಿಂಗೈತಿ?" ಎಂದಳು. ಬೇವು ಹೆಚ್ಚಾಯಿತು ಎಂದೆ.

ಏಪ್ರಿಲ್ ೧೨, ಶನಿವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಸಮಿತಿಯಲ್ಲಿ ಐದು ಜನ. ಹೊರಗಿನವರೆಂದರೆ ಧಾರವಾಡದ ನಿವೃತ್ತ ಪ್ರಾಧ್ಯಾಪಕ ಗುರುಪುತ್ರಪ್ಪನವರು. ಉಳಿದವರು ಫ್ಲಾಸ್ಕು ನೋಡಿ ಕಾಫಿಯ ಕಡೆ ತಿರುಗಿದರು. ಇವರು ಚೀಟಿ ಓದಿದರು. ಈ ಬೇಸಿಗೆಯಲ್ಲಿ ಒಂದು ತಿಂಗಳು ಗಂಟಾಗದೆ ನಿಂತಿದೆಯೆ, ಬಹಳ ಒಳ್ಳೆಯದು ಎಂದರು. ಪ್ರಿನ್ಸಿಪಾಲರು ಹಿಗ್ಗಿದರು. ಆಮೇಲೆ ಅವರು ಹುಡುಗರ ಜರ್ನಲ್ ಕೇಳಿದರು. ಕೈಗೆ ಹತ್ತಿರ ಇದ್ದದ್ದು ಮುತ್ತಪ್ಪನದು. ಒಂದೊಂದೇ ಪುಟ ತಿರುವಿದರು. ಐದು ಪ್ರಯತ್ನ, ಐದು ನೀಲಿ. ಬಾಳವ್ವನ ಡಬ್ಬಿಯ ಚಿತ್ರ, ಅದರ ಕೆಳಗೆ ಅವಳ ಹೆಸರು. ಮಾರ್ಚ್ ಇಪ್ಪತ್ತಾರಕ್ಕೆ, 'ಮೊದಲ ಸಲ ಕೆಂಪು.'

ಜರ್ನಲ್ ಕೆಳಗಿಟ್ಟು ಚೀಟಿ ನೋಡಿದರು. ಮತ್ತೆ ಜರ್ನಲ್. ಸಾವಕಾಶವಾಗಿ ಮುತ್ತಪ್ಪನನ್ನು ಕೇಳಿದರು, "ಇಲ್ಲಿ ಹದಿನಾಲ್ಕು ಅಂತ ಐತಿ, ನೀ ಇಪ್ಪತ್ತಾರಕ್ಕ ಮೊದಲ ಸಲ ಅಂತ ಬರದಿ. ಯಾವುದು ಖರೇ ತಮ್ಮಾ?"

ಮುತ್ತಪ್ಪ ನನ್ನ ಕಡೆ ನೋಡಲಿಲ್ಲ. ಬಾಗಿಲ ಬಳಿ ಅವತ್ತು ನೋಡಿದ ಹಾಗೆಯೇ ನೆಲ ನೋಡಿದ. ಏನು ಹೇಳಲು ಹೊರಟಿದ್ದಾನೆಂದು ನನಗೆ ಗೊತ್ತಾಯಿತು. ತಾನೇ ತಾರೀಖು ತಪ್ಪಾಗಿ ಬರೆದೆ ಅನ್ನುವವನಿದ್ದ. ಎರಡು ತಿಂಗಳಲ್ಲಿ ಎಲ್ಲರಿಗಿಂತ ನೆಟ್ಟಗೆ ಬರೆದ ಜರ್ನಲ್ಲನ್ನು ತಪ್ಪು ಅನ್ನುವವನಿದ್ದ.

"ಸರ್, ನಾ..." ಎಂದು ಶುರುಮಾಡಿದ.

"ಜರ್ನಲ್ ಖರೇ ಐತ್ರಿ ಸರ್" ಎಂದೆ. "ಚೀಟಿ ಸುಳ್ಳು. ಹದಿನಾಲ್ಕಕ್ಕ ಇದರಾಗ ಬಂಗಾರ ಇರಲಿಲ್ಲ. ಬಣ್ಣದ ನೀರಿತ್ತು. ನಾನ ಹಾಕಿದ್ದೆ."

ನನ್ನ ದನಿ ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ಪ್ರಿನ್ಸಿಪಾಲರು ಕಾಫಿ ಕಪ್ಪು ಇಟ್ಟ ಸದ್ದು ಕೇಳಿಸಿತು. ಸಾಕ್ಷಿ ಬಾಯಿಗೆ ಕೈ ಇಟ್ಟುಕೊಂಡಳು. ಗುರುಪುತ್ರಪ್ಪನವರು ಯಾವಾಗ ಬದಲಾಯಿಸಿದಿರಿ ಎಂದು ಕೇಳಿದರು, ಹೇಳಿದೆ. ಏಕೆ ಎಂದು ಕೇಳಿದರು, ಅದನ್ನೂ ಹೇಳಿದೆ. ಅವರು ಬರೆದುಕೊಂಡರು. ಹುಡುಗರ ಜರ್ನಲ್ಲುಗಳನ್ನೆಲ್ಲ ತರಿಸಿ ತಾಸು ಹೊತ್ತು ಕೂತು ಓದಿದರು. ನನ್ನನ್ನು ಹೊರಗೆ ಕಳಿಸಿದ್ದರು.

ಮನೆಗೆ ಬಂದು ಅವ್ವ ಹಾಕಿದ ಎರಡು ರೊಟ್ಟಿ ಪೂರ್ತಿ ತಿಂದೆ. ಮಧ್ಯಾಹ್ನ ಹೊದ್ದು ಮಲಗಿದವಳು ಎದ್ದದ್ದು ದೀಪ ಹಚ್ಚುವ ಹೊತ್ತಿಗೆ.

ಏಪ್ರಿಲ್ ೧೭, ಗುರುವಾರ

ಪತ್ರ ಬಂತು. ಕೋರ್ಸು ಜೂನಿನಿಂದ ಶುರು, ಅಂಕಗಳಿರುವ ವಿಷಯವಾಗಿ. ಸಂಚಾಲಕರು ಕಲ್ಲಯ್ಯ ಸರ್. ಶ್ರೀಮತಿ ಪ್ರಮಿಳಾ ಅವರು ಮೊದಲ ಸೆಮಿಸ್ಟರಿನ ಪಾಠಗಳನ್ನಷ್ಟೇ ನೋಡಿಕೊಳ್ಳತಕ್ಕದ್ದು. ಮದುವೆಯಾಗದವಳನ್ನು ಶ್ರೀಮತಿ ಮಾಡಿದ್ದೊಂದೇ ತಮಾಷೆ. ಕಲ್ಲಯ್ಯ ಸರ್ ಬಂದು ತಪ್ಪು ತಾವೇ ಮಾಡಿದವರಂತೆ ನಿಂತರು. ಹೊಟ್ಟೆಕಿಚ್ಚಾಯಿತು, ಅಲ್ಲಗಳೆಯುವುದಿಲ್ಲ. ಲ್ಯಾಬಿನ ಬೀಗದ ಕೈ ಅವರ ಅಂಗೈಯಲ್ಲಿಟ್ಟೆ. ಹೊಸ ಹುಡುಗರು ಬಂದಾಗ ಮೊದಲ ದಿನವೇ ಬಾಳವ್ವನ ಪರಿಚಯ ಮಾಡಿಕೊಡಿ ಎಂದು ಹೇಳಿದೆ.

ನಾಲ್ಕು ಗಂಟೆಗೆ ಮುತ್ತಪ್ಪ ಜರ್ನಲ್ ಹಿಡಿದು ಸ್ಟಾಫ್ ರೂಮಿಗೆ ಬಂದ. ಸಮಾಧಾನ ಹೇಳಲು ಬಂದನೇನೋ ಎಂದು ಮೈಯೆಲ್ಲ ಉರಿಯಿತು. ಅವನು ಕೂರಲೂ ಇಲ್ಲ. ಜರ್ನಲ್ ಬಿಚ್ಚಿ ನನ್ನ ಮುಂದಿಟ್ಟ. ಮಾರ್ಚ್ ಹತ್ತರ ಪುಟ, ಆಮೇಲೆ ಒಂದು ಖಾಲಿ ಹಾಳೆ, ಆಮೇಲೆ ಬಾಳವ್ವನ ಡಬ್ಬಿ.

"ಇದೊಂದು ಪುಟ ಬಿಟ್ಟೀನ್ರಿ" ಎಂದ. "ಇದನ್ನ ನಾ ಬರೀಲಿಕ್ಕೆ ಬರೂದಿಲ್ಲ. ಮಾಡಿದವರು ನೀವು."

ಮೊದಲು ಸಿಟ್ಟು ಬಂತು. ಊರಿಗೆಲ್ಲ ಹೇಳಿ ಆಯಿತಲ್ಲ, ಇನ್ನು ಕಾಗದದ ಮೇಲೂ ಬೇಕೇ ಎಂದುಕೊಂಡೆ. ಅವನು ಪೆನ್ನು ಬಿಚ್ಚಿ ಹಿಡಿದಿದ್ದ. ಇಸಿದುಕೊಂಡೆ. ಬರೆದೆ: ಆರನೆಯ ಪ್ರಯತ್ನ. ೧೪ ಮಾರ್ಚ್ ೨೦೦೩. ನೀರು, ಮೀಥೈಲ್ ಆರೆಂಜ್, ಆಮ್ಲ. ಬಣ್ಣ ಕೆಂಪು. ಲೇಸರಿಗೆ ಗೆರೆ ಇಲ್ಲ. ಚಿನ್ನ ಇಲ್ಲ. ಕೆಳಗೆ ಸಹಿ ಹಾಕಿದೆ.

ಮುತ್ತಪ್ಪ ತಿರುಗಿಸಿಕೊಂಡು ಪೂರ್ತಿ ಓದಿದ. ಮತ್ತೆ ನನ್ನ ಕಡೆಗೇ ತಿರುಗಿಸಿದ.

"ಎಷ್ಟು ಹನಿ ಅಂತ ಬರದಿಲ್ರಿ ಮೇಡಮ್" ಎಂದ.

ನಾಲ್ಕು ಎಂದು ಸೇರಿಸಿದೆ.